ಬೆಂಕಿ ಯಾರನ್ನೂ ಕರೆಯಲ್ಲ

ಜೂನ್ ೨೮, ಒಪುವೊ

ಮುಂದಿನ ವಾರ ಇಟಲಿಯಿಂದ ಆರು ಜನ ಪ್ರವಾಸಿಗರು ಬರುತ್ತಾರಂತೆ. ಜಲಪಾತ, ಜೆಂಬಾ ಜನರ ಹಟ್ಟಿ, ಕೊನೆಗೆ ಹಿಂಬಾ ಹಟ್ಟಿ. ನಾನು ಗೈಡ್, ಹಾಡಿದ್ದೇ ಹಾಡೋ ಕಿಸಬಾಯಿದಾಸನ ಕೆಲಸ ನನ್ನದು. ಈ ಜೂನ್ ಚಳಿಯಲ್ಲಿ ನಸುಕಿಗೇ ಎದ್ದು ಹಲ್ಲು ಕಿರಿಯೋದಕ್ಕೆ ಸಂಬಳ ಕೊಡುತ್ತಾರೆ, ಕಿರಿಯುತ್ತೇನೆ.

ಹಟ್ಟಿಯ ಬೇಲಿ ಹೊರಗೆ ನಿಂತು ಹೇಳೋ ಮಾತು ನನಗೆ ಬಾಯಿಪಾಠ. ಈ ಜನರ ಹಟ್ಟಿಯ ನಡುವೆ ಒಂದು ಬೆಂಕಿ ಇರುತ್ತದೆ. ಯಜಮಾನ ಅದರ ಪಕ್ಕ ಕೂತು ಸತ್ತ ಹಿರಿಯರ ಜೊತೆ ಮಾತಾಡುತ್ತಾನೆ. ದೊಡ್ಡ ಗುಡಿಸಲ ಬಾಗಿಲಿಂದ ಬೆಂಕಿಗೆ, ಬೆಂಕಿಯಿಂದ ದನದ ದೊಡ್ಡಿಗೆ ಕಣ್ಣಿಗೆ ಕಾಣದ ಗೆರೆ ಒಂದಿದೆ, ಅದನ್ನು ಮಾತ್ರ ದಾಟಬೇಡಿ. ಮಗು ಹುಟ್ಟಿದರೆ ಬೆಂಕಿಗೆ ತೋರಿಸಿ ಹೆಸರಿಡಿಸುತ್ತಾರೆ. ತೋರಿಸದ ಮಗು ಹಿರಿಯರ ಪಾಲಿಗೆ ಹುಟ್ಟೇ ಇಲ್ಲ. ಕರೆದುಕೊಂಡು ಬರುವುದು ತಾಯಿಗೆ ಬಿಟ್ಟಿದ್ದು. ಬೆಂಕಿ ಯಾರನ್ನೂ ಕರೆಯಲ್ಲ.

ಈ ಕೊನೆಯ ಮಾತು ಬಂದಾಗ ಒಬ್ಬರಾದರೂ ಪೆನ್ನು ತೆಗೆದು ಬರೆದುಕೊಳ್ಳುತ್ತಾರೆ. ನೀವೂ ಇಂಥ ಹಟ್ಟಿಯಲ್ಲೇ ಹುಟ್ಟಿದವರಾ ಅಂತ ಕೇಳಿದರೆ ಹೌದು ಅನ್ನುತ್ತೇನೆ. ಆಮೇಲೆ ಹೆಂಗಸರು ಮೈಗೆ ಹಚ್ಚಿಕೊಳ್ಳೋ ಬೆಣ್ಣೆ, ಕೆಮ್ಮಣ್ಣಿನ ವಿಷಯಕ್ಕೆ ಹೋಗುತ್ತೇನೆ.

ಜುಲೈ ೧

ಶಿಶುವಿಹಾರದ ಟೀಚರ್ ಮಕ್ಕಳಿಗೆ ನಿಮ್ಮ ಮನೆಯ ಬೆಂಕಿಯ ಚಿತ್ರ ಬರೆಯಿರಿ ಅಂದಳಂತೆ. ಉಳಿದ ಮಕ್ಕಳು ಗುಡಿಸಲು, ದನ, ನಡುವೆ ಬೆಂಕಿ ಬರೆದಿದ್ದಾರೆ. ನನ್ನ ಮಗಳು ಬೆಯಾಟ ನಮ್ಮ ಗ್ಯಾಸ್ ಒಲೆ ಬರೆದು ತಂದಿದ್ದಾಳೆ. ಸಿಲಿಂಡರ್ ಚೆನ್ನಾಗಿ ಬಂದಿದೆ.

ಊಟಕ್ಕೆ ಕೂತಾಗ ಕೇಳಿದಳು, "ನಂಗೆ ತಾತ ಇಲ್ವಾ?"

"ಇದಾನೆ."

"ಅವನಿಗೆ ನಾನು ಗೊತ್ತಾ?"

ಗಂಜಿ ಆರುತ್ತೆ, ತಿನ್ನು ಅಂದೆ.

ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಅಕ್ಕನ ಬಾಣಂತನಕ್ಕೆ ವಾಲ್ವಿಸ್ ಬೇ ಪಟ್ಟಣಕ್ಕೆ ಹೋಗಿದ್ದಾಳೆ. ಬೆಯಾಟಳನ್ನು ಗಾಡಿಯಲ್ಲೇ ಜೊತೆಗೆ ಕರೆದೊಯ್ಯಬೇಕು. ಆಫೀಸಿನ ಮೇಡಂ ಒಪ್ಪಿದ್ದಾಳೆ, ಮಕ್ಕಳಿದ್ದರೆ ಫೋಟೋ ಚೆನ್ನಾಗಿ ಬರುತ್ತೆ ಅಂತ.

ಜುಲೈ ೩

ಎಡವಟ್ಟಾಯಿತು. ನಾವು ಯಾವಾಗಲೂ ಹೋಗುವ ಹಟ್ಟಿಯಲ್ಲಿ ಸಾವಾಗಿದೆ, ಹೊರಗಿನವರನ್ನು ಬಿಡುವುದಿಲ್ಲ. ಎಟಂಗಾ ಕಡೆ ನಿಮ್ಮಪ್ಪನ ಹಟ್ಟಿ ಇದೆಯಲ್ಲ ಅಂತ ಮೇಡಂ ಕೇಳಿದಳು. ನಮ್ಮಪ್ಪ ಚಿಪೊಂಬೊ ಪ್ರವಾಸಿಗರನ್ನು ಒಳಗೆ ಬಿಟ್ಟವನೇ ಅಲ್ಲ, ಹೋದ ವರ್ಷ ಬೇರೆ ಕಂಪನಿಯ ಗಾಡಿ ಮೇಲೆ ನಾಯಿ ಬಿಟ್ಟಿದ್ದ. ಅದನ್ನೇ ಹೇಳಿದೆ. ಕೇಳೋದಕ್ಕೇನು ಗಂಟು ಹೋಗುತ್ತೆ ಅಂದಳು. ತಂಗಿ ಕಾವಿರೂಗೆ ಹೇಳಿ ಕಳಿಸಿದೆ.

ಇಲ್ಲಿ ನನಗಾಗಿ ಒಂದು ಮಾತು ಬರೆದುಕೊಳ್ಳುತ್ತೇನೆ. ಬೆಯಾಟಳ ಅಪ್ಪ ಲಾರಿ ಓಡಿಸುವವನು, ದಕ್ಷಿಣದ ಕಡೆ ಹೋದವನು ಬರಲಿಲ್ಲ. ಮದುವೆ ಆಗಲಿಲ್ಲ, ಹೆಣ್ಣಿಗೆ ಅಂತ ಕೊಡೋ ದನವೂ ಅವನ ಕಡೆಯಿಂದ ಬರಲಿಲ್ಲ. ಹಾಗಾದಾಗ ಮಗು ತಾಯಿಯ ಅಪ್ಪನ ಬೆಂಕಿಗೆ ಸೇರುತ್ತದೆ. ಮಗು ಹುಟ್ಟಿದಾಗ ಅಪ್ಪ ಯಾರ ಮುಂದೆಯೋ ಅಂದನಂತೆ, ಹಟ್ಟಿ ಬಿಟ್ಟು ಹೋದವಳ ಮಗು ಯಾವ ಬೆಂಕಿಗೆ ಸೇರಿದ್ದೋ ಅಂತ. ಆ ಮಾತು ಒಪುವೊಗೆ ಬಂದು ಮುಟ್ಟಿತು. ಅಮ್ಮ ಬದುಕಿದ್ದಷ್ಟು ದಿನ ಸಂತೆಗೆ ಬಂದಾಗಲೆಲ್ಲ ಮಗೂನ ಕರ್ಕೊಂಡು ಬಾ ಅನ್ನುತ್ತಿದ್ದಳು. ಆಗ ಕೆಲಸ ಹೊಸತು, ರಜೆ ಇರಲಿಲ್ಲ. ಆಮೇಲೆ ರಜೆ ಇತ್ತು, ಹೋಗಲಿಲ್ಲ. ಅಮ್ಮನ ಮಣ್ಣಿಗೆ ಹೋದಾಗ ಮಗುವನ್ನು ಊರಲ್ಲೇ ಬಿಟ್ಟು ಹೋಗಿದ್ದೆ. ಅಪ್ಪ ಕೇಳಲಿಲ್ಲ. ಮಗು ಎಲ್ಲಿ, ತಾ ಅಂತ ಯಜಮಾನ ಕೇಳುವಂತೆಯೂ ಇಲ್ಲ.

ಜುಲೈ ೪

ಕಾವಿರೂ ಗುಡ್ಡ ಹತ್ತಿ ಸಿಗ್ನಲ್ ಸಿಗುವ ಕಡೆಯಿಂದ ಫೋನ್ ಮಾಡಿದ್ದಳು. ಅಪ್ಪ ಹೂಂ ಅಂದನಂತೆ. ಒಂದೇ ಮಾತಿಗೆ. ನನಗೆ ನಂಬಿಕೆ ಬರಲಿಲ್ಲ.

"ಪ್ರವಾಸಿಗರು ಹಿಟ್ಟು ಸಕ್ಕರೆ ತಂದು ಕೊಡ್ತಾರೆ ಅಂತ ಆಸೆ ಬಿದ್ನಾ?" ಅಂದೆ.

"ಅವನು ತಿಂದರೆ ತಾನೇ. ಊಟ ಬಿಟ್ಟಿದಾನೆ ಅಕ್ಕ. ಬರೀ ಕೆಮ್ಮು. ಮಗೂನ ತರ್ತೀಯಾ?"

ನೋಡಿಕೊಳ್ಳೋರು ಯಾರೂ ಇಲ್ಲ, ಅದಕ್ಕೆ ತರ್ತೀನಿ ಅಂದೆ. ಅವಳು ಫೋನ್ ಇಟ್ಟಳು. ಅಪ್ಪ ಹೋದರೆ ಅವನ ಬೆಂಕಿ ಆರಿಸುತ್ತಾರೆ. ಆಮೇಲೆ ಚಿಕ್ಕಪ್ಪ ಹೊತ್ತಿಸುವ ಬೆಂಕಿಗೆ ನನ್ನ ಪರಿಚಯವೂ ಇಲ್ಲ, ಬೆಯಾಟಳ ಪರಿಚಯವೂ ಇಲ್ಲ. ಇದನ್ನೂ ಪ್ರವಾಸಿಗರಿಗೆ ಹೇಳುತ್ತಿರುತ್ತೇನೆ, ಸಮಯ ಉಳಿದರೆ.

ಜುಲೈ ೭, ಜಲಪಾತ

ಆರು ಜನರಲ್ಲಿ ಐದು ಜನ ಪಾಪದವರು. ಆರನೆಯವಳು ಓರ್ನೆಲ್ಲಾ ಅಂತ, ರಿಟೈರ್ ಆದ ಟೀಚರ್. ಪ್ರಶ್ನೆ ಕೇಳೋದರಲ್ಲೇ ಅರ್ಧ ಹೊಟ್ಟೆ ತುಂಬುತ್ತೆ ಅವಳಿಗೆ. ನಮ್ಮ ಡ್ರೈವರ್ ಎಲ್ಕಾನ ಒವಾಂಬೊ ಜನದವನು, ಬಾಯಿ ಸುಮ್ಮನಿರಲ್ಲ. ಈಕೆಗೆ ಸ್ಟೀರಿಂಗ್ ಕೊಟ್ಟುಬಿಡೋಣ, ಅಷ್ಟು ಹೊತ್ತಾದರೂ ರಸ್ತೆ ನೋಡ್ತಾಳೆ ಅಂದ.

ಬೆಯಾಟ ಅವಳ ಪಕ್ಕವೇ ಕೂರುತ್ತಾಳೆ. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಲ್ಲ, ಆದರೂ ಇಬ್ಬರ ಮಾತೂ ಮುಗಿಯಲ್ಲ.

ಜುಲೈ ೯

ಜೆಂಬಾ ಹಟ್ಟಿ ಆಯಿತು. ಬೆಂಕಿಯ ವಿಷಯ ಮೊದಲೇ ಓದಿಕೊಂಡು ಬಂದಿದ್ದ ಓರ್ನೆಲ್ಲಾ ಗಾಡಿ ಹತ್ತುವಾಗ ಕೇಳಿದಳು, ನಿನ್ನ ಮಗಳನ್ನು ಬೆಂಕಿಗೆ ತೋರಿಸಿದ್ದೀಯಾ ಅಂತ. ಡೀಸೆಲ್ ಹಾಕಿಸಬೇಕು, ತಡವಾಗುತ್ತೆ ಅಂದೆ. ಡೀಸೆಲ್ ಟ್ಯಾಂಕು ತುಂಬಿತ್ತು. ಎಲ್ಕಾನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಜುಲೈ ೧೧

ಗಾಳಿ. ಡೇರೆ ಹಾರಿಹೋಗದಂತೆ ಕಲ್ಲು ಹೇರಿದ್ದೇವೆ. ನಾಳೆ ಎಟಂಗಾ.

ಜುಲೈ ೧೨

ಆಗಿಂದಾಗಲೇ ಬರೆಯಬೇಕಿತ್ತು, ಈಗ ರಾತ್ರಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಹಟ್ಟಿ ತಲುಪಿದೆವು. ಕಾವಿರೂ ದೂರದಿಂದಲೇ ಕೈಬೀಸಿ ಈ ಕಡೆ ಈ ಕಡೆ ಅಂತ ಗಾಡಿಯನ್ನು ಬೇಲಿಯ ಸುತ್ತ ಕರೆದಳು. ಬಾಗಿಲ ಮುಂದೆ ಇಳಿದೆವು. ಅವಳು ಓಡಿಬಂದು ತಬ್ಬಿಕೊಂಡಳು. ನನ್ನ ಹೊಸ ಜಾಕೆಟ್ಟಿನ ತುಂಬ ಬೆಣ್ಣೆ, ಕೆಮ್ಮಣ್ಣು. ಬೆಯಾಟಳನ್ನು ಎತ್ತಿಕೊಂಡಳು, ಅವಳೂ ಕೆಂಪಾದಳು, ನಕ್ಕಳು.

ಪ್ರವಾಸಿಗರನ್ನು ಸಾಲಾಗಿ ನಿಲ್ಲಿಸಿ ಬಾಯಿಪಾಠ ಒಪ್ಪಿಸಿದೆ. ಗೆರೆ ನಿಮಗೆ ಕಾಣಲ್ಲ, ನನಗೆ ಕಾಣುತ್ತೆ, ನನ್ನ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬನ್ನಿ ಅಂದೆ. ಬೆಯಾಟಳ ಕೈ ಹಿಡಿದುಕೊಂಡು ಬಾಗಿಲು ದಾಟಿ ಎಡಕ್ಕೆ ತಿರುಗಿದೆ. ನಮ್ಮ ಹಟ್ಟಿಯಲ್ಲಿ ಬಾಗಿಲು ದಾಟಿದವರು ಎಡಕ್ಕೆ ತಿರುಗಬೇಕು, ಹಾಗೆ ಹೋದರೆ ದೊಡ್ಡ ಗುಡಿಸಲ ಹಿಂದಿನಿಂದ ಹೋಗಿ ಗೆರೆ ತಪ್ಪುತ್ತದೆ. ನಡೆಯೋದು ಕಲಿತಾಗಿನಿಂದ ಹಾಗೇ ನಡೆದಿದ್ದೇನೆ.

ಮರದ ಕೆಳಗೆ ಅಪ್ಪ ಪುಟ್ಟ ಮಣೆ ಮೇಲೆ ಕೂತಿದ್ದ. ಎಷ್ಟು ಸಣ್ಣಗಾಗಿದ್ದಾನೆ. ಭುಜದ ಮೂಳೆ ಎದ್ದು ಕಾಣುತ್ತಿತ್ತು. ನಾನು ಅವನನ್ನೇ ನೋಡುತ್ತಾ ನಡೆದೆ. ಒಳಗೆ ಯಾರೋ ಹಾಲು ಕಡೆಯುತ್ತಿದ್ದ ಸದ್ದು ನಿಂತಿತು. ಹೆಂಗಸರ ಮಾತು ನಿಂತಿತು. ಆಗ ಕೆಳಗೆ ನೋಡಿದೆ.

ಬಲಗಡೆ ಬೂದಿ, ಅದರಲ್ಲಿ ಒಂದು ಕೊರಡು ಸಣ್ಣಗೆ ಹೊಗೆಯಾಡುತ್ತಿದೆ. ಎಡಗಡೆ ದೊಡ್ಡಿಯ ಬಾಯಿ. ನಡುವೆ ನಾನು, ಮಗು, ಹಿಂದೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟುಕೊಂಡು ಆರು ಜನ ಇಟಲಿಯವರು.

ಬೇಲಿಯ ಬಾಗಿಲು ಯಾವಾಗಲೂ ಸೂರ್ಯ ಮುಳುಗುವ ಕಡೆ ಇತ್ತು. ಈಗ ಹುಟ್ಟುವ ಕಡೆ ಇದೆ. ಈ ಕಡೆಯಿಂದ ಬಂದು ಎಡಕ್ಕೆ ತಿರುಗಿದರೆ ನೇರ ಗೆರೆಯ ಮೇಲೆ. ಪರಸ್ಥಳದವರಾದರೆ ಸುತ್ತ ನೋಡಿ ಬೆಂಕಿ ಎಲ್ಲಿದೆ ಅಂತ ಹುಡುಕಿಕೊಂಡು ನಡೆಯುತ್ತಿದ್ದರು. ಹಟ್ಟಿಯಲ್ಲಿ ಹುಟ್ಟಿದವಳಿಗೆ ಮಾತ್ರ ಈ ತಪ್ಪು ಸಾಧ್ಯ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತು.

ಇಟಲಿಯವರನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿ ಅಂತ ಅಪ್ಪ ಕೈಸನ್ನೆ ಮಾಡಿದ. ಅವರು ಹೋದರು, ಎಲ್ಕಾನ ಅವರನ್ನು ಬೇಲಿ ಹೊರಗೆ ಕೂರಿಸಿದ. ನಾನೂ ಹಿಂದೆ ಹೊರಟೆ.

"ನೀನು ನಿಲ್ಲು," ಅಂದ ಅಪ್ಪ. ಅಷ್ಟು ವರ್ಷಗಳ ಮೇಲೆ ನನಗೆ ಹೇಳಿದ ಮೊದಲ ಮಾತು.

ಅವನು ಎದ್ದು ಬರೋದಕ್ಕೆ ಹೊತ್ತು ಹಿಡಿಯಿತು. ಕಾವಿರೂ ಹೆಗಲು ಕೊಡಲು ಹೋದರೆ ತಳ್ಳಿದ. ಬೆಂಕಿಯ ಪಕ್ಕ ಕೂತ. ಕಣ್ಣು ಕಾಣದವರು ಮೇಲೆ ಬಿದ್ದರೆ ಯಾರೂ ಜಗಳ ಆಡಲ್ಲ, ಪರದೇಶದವರ ತಪ್ಪು ಲೆಕ್ಕಕ್ಕಿಲ್ಲ ಅಂದ. ಮನೆಯವಳು ದಾಟಿದ್ದಾಳೆ, ಅದನ್ನು ಹಿರಿಯರಿಗೆ ಹೇಳಬೇಕು ಅಂದ. ಆಮೇಲೆ ಬೆಯಾಟಳ ಕಡೆ ನೋಡಿದ. ಅವಳು ನನ್ನ ಪ್ಯಾಂಟು ಹಿಡಿದುಕೊಂಡಿದ್ದಳು.

"ಇದೂ ದಾಟಿದೆ," ಅಂದ. "ಇದು ಪರದೇಶದ್ದೋ, ಮನೇದೋ?"

ಅಪ್ಪನಿಗೆ ಗೊತ್ತಿಲ್ಲವಾ. ನನ್ನ ಬಾಯಿಂದ ಹೇಳಿಸಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಪರದೇಶದ್ದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಇಟಲಿಯವರ ಜೊತೆ ಬೇಲಿ ಹೊರಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ನಾಲಿಗೆ ತುದಿಗೆ ಬಂದಿತ್ತು ಅದು.

"ಮನೇದು ಅಪ್ಪ," ಅಂದೆ.

"ಹಾಗಾದ್ರೆ ತಾ ಇಲ್ಲಿ."

ಕಾವಿರೂ ನೀರು ತಂದಳು. ಅಪ್ಪ ಬಾಯಿತುಂಬ ತೆಗೆದುಕೊಂಡು ನನ್ನ ಮುಖಕ್ಕೆ ಉಗುಳಿ ಚಿಮುಕಿಸಿದ. ತಣ್ಣಗಿತ್ತು. ಬೂದಿಯ ಕಡೆ ತಿರುಗಿ ತನ್ನ ಅಪ್ಪನ ಹೆಸರು, ತಾತನ ಹೆಸರು ಕರೆದ. ಉವಾಸಪಿ ಬಂದಿದ್ದಾಳೆ ಅಂದ. ನನ್ನ ಹೆಸರು ಅವನ ಬಾಯಲ್ಲಿ ಹೇಗಿರುತ್ತೆ ಅಂತ ಮರೆತೇಹೋಗಿತ್ತು. ದಾಟಿದ್ದು ಕಾಲು, ಮನಸ್ಸಲ್ಲ, ಅವಳ ಮೇಲೆ ಮುನಿಸು ಬೇಡ ಅಂದ. ಕೆಮ್ಮು ಬಂತು, ಕಾದೆವು. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವಳು ಅಳಲಿಲ್ಲ. ಅವನ ಕೊರಳ ಚಿಪ್ಪು ಹಿಡಿದು ನೋಡುತ್ತಿದ್ದಳು.

"ಹೆಸರಿಲ್ಲದವರನ್ನ ಅವರಿಗೆ ಏನಂತ ಹೇಳ್ಲಿ?" ಅಂದ.

ಬೆಯಾಟ ಅಂತ ಕರೀತೀವಿ ಅಂದೆ. ಅದು ಇಸ್ಕೂಲಿಗೆ ಇರಲಿ ಅಂದ. ಅವಳ ಹಣೆಗೂ ನೀರು ಚಿಮುಕಿಸಿ, ಬೂದಿ ಹಚ್ಚಿ, ಇವಳು ಮುವೆರೊ, ಉವಾಸಪಿಯ ಮಗಳು, ನಮ್ಮವಳು, ನೋಡಿಕೊಳ್ಳಿ ಅಂದ. ಮುವೆರೊ ಅಂದರೆ ಬಾಗಿಲು. ಯಾಕೆ ಬಾಗಿಲು ಅಂತ ಯಾರೂ ಕೇಳಲಿಲ್ಲ. ನಮ್ಮಲ್ಲಿ ಮಗು ಬಂದ ಹೊತ್ತಿಗೆ ಏನಾಗಿರುತ್ತೋ ಅದೇ ಹೆಸರಾಗುತ್ತೆ. ನನ್ನ ಜೊತೆ ಆಡಿದವಳೊಬ್ಬಳ ಹೆಸರು ‘ಕತ್ತೆ ಕಳೆದುಹೋಯಿತು’ ಅಂತ.

ನನಗೆ ಅಳು ಬಂತು. ನೀರಲ್ಲಿ ನೆನೆದ ಮುಖ, ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಇಟಲಿಯವರನ್ನು ಸುತ್ತು ಬಳಸಿ ಕರೆದುತಂದೆವು. ಹುಳಿ ಹಾಲು ಕೊಟ್ಟರು, ಹೆಂಗಸರು ಕುಣಿದರು. ಯಾಕೆ ಹೊರಗೆ ಕಳಿಸಿದರು ಅಂತ ಓರ್ನೆಲ್ಲಾ ಕೇಳಿದಳು. ಮನೆ ವಿಷಯ ಅಂದೆ. ಅವಳು ಅದರ ಮೇಲೆ ಕೇಳಲಿಲ್ಲ, ಆಶ್ಚರ್ಯ.

ಸಂಜೆ ಆ ಬೆಂಕಿಯ ಕೆಂಡವನ್ನು ರಾತ್ರಿ ಆರದ ಹಾಗೆ ದೊಡ್ಡ ಗುಡಿಸಲೊಳಗೆ ಒಯ್ಯುವ ಹೊತ್ತಾಯಿತು. ಹಟ್ಟಿ ಬಿಡುವವರೆಗೂ ಅದು ನನ್ನ ಕೆಲಸವಾಗಿತ್ತು, ಆಮೇಲೆ ಕಾವಿರೂದು. ಅವಳು ಆಡಿನ ಮರಿ ಕಟ್ಟುವ ನೆಪ ಹೇಳಿ ಹೋದಳು. ಬೇರೆ ಯಾರೂ ಏಳಲಿಲ್ಲ. ನಾನೇ ಒಯ್ದಿಟ್ಟೆ.

ಜುಲೈ ೧೩

ಬೆಳಗ್ಗೆ ಹೊರಟೆವು. ಅಪ್ಪ ಏಳಲಿಲ್ಲ, ಮಲಗಿದ್ದವನ ಕಾಲು ಮುಟ್ಟಿ ಬಂದೆ. ಬಾಗಿಲು ಯಾಕೆ ಈ ಕಡೆ ಮಾಡಿದಿರಿ ಅಂತ ಕೇಳಿದ್ದಕ್ಕೆ, "ಆಡಿಗೆ ಹತ್ರ ಆಗುತ್ತೆ" ಅಂದ. ಕಣ್ಣು ತೆರೆಯಲೇ ಇಲ್ಲ.

ದಾರಿಯುದ್ದಕ್ಕೂ ಎಲ್ಕಾನನ ಕಾಟ. ಪುಣ್ಯಕ್ಕೆ ಬಾಗಿಲು ಅಂತ ಇಟ್ಟ, ಚಿಲಕ ಅಂತ ಇಟ್ಟಿದ್ದರೆ ಏನು ಮಾಡ್ತಿದ್ದೆ ಅಂತ. ಬೆಯಾಟ ಅವನ ಬೆನ್ನಿಗೆ ಗುದ್ದಿದಳು. ನಾನು ಮುವೆರೊ, ತಾತ ಹೇಳಿದ್ದಾನೆ ಅಂದಳು.

ಜುಲೈ ೧೬, ಒಪುವೊ

ಇಟಲಿಯವರು ಹೋದರು. ಜಾಕೆಟ್ಟು ಎರಡು ಸಲ ನೆನೆಸಿದರೂ ಕೆಂಪು ಹೋಗಿಲ್ಲ. ಅದನ್ನೇ ಹಾಕಿಕೊಂಡು ಆಫೀಸಿಗೆ ಹೋದೆ.

ಮುವೆರೊ ಇನ್ನೊಂದು ಚಿತ್ರ ಬರೆದಿದ್ದಾಳೆ. ಗ್ಯಾಸ್ ಒಲೆಯ ಪಕ್ಕ ಒಬ್ಬ ಮುದುಕ ಕೂತಿದ್ದಾನೆ. ಮುದುಕ ಸಿಲಿಂಡರಿಗಿಂತ ಸಣ್ಣ.

ಜುಲೈ ೩೦

ಕಾವಿರೂ ಫೋನ್. ಅಪ್ಪ ಹೋದ.

ಆಗಸ್ಟ್ ೩, ಎಟಂಗಾ

ಮಣ್ಣಾಯಿತು. ಎತ್ತುಗಳನ್ನು ಕಡಿದರು, ಕೊಂಬುಗಳನ್ನು ಗೋರಿಯ ಮೇಲೆ ಇಟ್ಟರು. ಬೆಂಕಿ ಆರಿಸಿದರು. ಆ ಬೂದಿ ತಣ್ಣಗಾಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಿರಿಯರ ಹೆಸರು ಕರೆದು ಅಳುವಾಗ ನನ್ನ ಸರದಿ ಬಂತು, ಆಮೇಲೆ ಚಿಕ್ಕಪ್ಪನೇ ಮುವೆರೊಳನ್ನು ಕರೆದು ಮುಂದೆ ನಿಲ್ಲಿಸಿದ. ಇವಳು ಯಾರು ಅಂತ ಯಾರೂ ಕೇಳಲಿಲ್ಲ.

ನಿನ್ನೆ ಬಂದಾಗ ನಾನು ಸೂರ್ಯ ಹುಟ್ಟುವ ಕಡೆಗೇ ಹೋಗಿದ್ದೆ. ಅಲ್ಲಿ ಬಾಗಿಲಿಲ್ಲ. ಮುಳ್ಳು ಒತ್ತಾಗಿ ಕಟ್ಟಿದ್ದಾರೆ. ಬಾಗಿಲು ಮತ್ತೆ ಹಳೆಯ ಕಡೆಗೇ ಹೋಗಿದೆ. ಆಡಿಗೆ ದೂರ ಆಗಲ್ವಾ ಅಂತ ಕಾವಿರೂನ ಕೇಳಿದೆ.

ಅವಳು ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು, ಆದರೂ ನಗು ಬಂತು ಅವಳಿಗೆ. ನಮ್ಮ ಆಡು ಯಾವತ್ತು ಆ ಕಡೆ ಮೇಯೋಕೆ ಹೋಗಿದ್ವು ಅಕ್ಕ ಅಂದಳು. ನಾನು ಮಗೂನೂ ತರ್ತೀನಿ ಅಂತ ಫೋನಲ್ಲಿ ಹೇಳಿದೆನಲ್ಲ, ಅದರ ಮರುದಿನ ಬೆಳಗ್ಗೆಯೇ ಅಪ್ಪ ಕೊಡಲಿ ತೆಗೆದುಕೊಂಡು ಬೇಲಿ ಕಡಿಯಲು ನಿಂತನಂತೆ. ಒಂದು ಕೊಂಬೆ ಕಡಿಯೋದು, ಕೂತು ಕೆಮ್ಮೋದು. ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಹಳೆಯ ಬಾಗಿಲಿಗೆ ಮುಳ್ಳು ಒಟ್ಟಿದ. ನಾವು ಹೊರಟ ದಿನ ಸಂಜೆಯೇ ಎಲ್ಲ ಮೊದಲಿನ ಹಾಗೆ ಮಾಡಿಸಿದ. ಇದೆಲ್ಲ ಯಾಕೆ ಅಂತ ಇವಳು ಕೇಳಿದಾಗ ಒಂದೇ ಮಾತು ಹೇಳಿದನಂತೆ.

"ಉವಾಸಪಿ ಎಡಕ್ಕೇ ತಿರುಗ್ತಾಳೆ. ಊರು ಬಿಟ್ರೂ ಕಾಲು ಬಿಡಲ್ಲ."

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಅಪ್ಪ ಇಲ್ಲ. ಆ ಮುಳ್ಳಿನ ಪಕ್ಕ ಹೋಗಿ ನಿಂತೆ. ಕಡಿದ ಕೊಂಬೆಗಳ ಮೇಲೆ ಕೊಡಲಿ ಏಟು ಒಂದಕ್ಕೊಂದು ಹೊಂದಿಲ್ಲ. ಒಂದು ತುಂಡು ತೆಗೆದು ಜೇಬಿಗೆ ಹಾಕಿಕೊಂಡೆ. ಯಾಕೋ ಗೊತ್ತಿಲ್ಲ. ಮುಳ್ಳು ಚುಚ್ಚುತ್ತದೆ.

ಆಗಸ್ಟ್ ೨೨

ಇವತ್ತು ಜರ್ಮನಿಯವರು ಎಂಟು ಜನ. ನಾವು ಯಾವಾಗಲೂ ಹೋಗುವ ಹಟ್ಟಿ ಮತ್ತೆ ತೆರೆದಿದೆ. ಬೇಲಿ ಹೊರಗೆ ನಿಂತು ಹೇಳಿದೆ: ನಮ್ಮ ಹಟ್ಟಿಯ ನಡುವೆ ಒಂದು ಬೆಂಕಿ ಇರುತ್ತದೆ, ನಮ್ಮ ಹಿರಿಯರು ಅಲ್ಲಿರುತ್ತಾರೆ, ಗೆರೆ ದಾಟಬೇಡಿ, ಹುಟ್ಟಿದ ಮಗುವನ್ನು ತಾಯಿ ಕರೆದುಕೊಂಡು ಬರುತ್ತಾಳೆ. ಅಲ್ಲಿಗೆ ನಿಲ್ಲಿಸಿ ಒಳಗೆ ನಡೆದೆ.

ಕೊನೇ ಮಾತು ಬಿಟ್ಟೆಯಲ್ಲ, ಅವರೆಲ್ಲ ಬರೆದುಕೊಳ್ಳೋ ಮಾತು ಅದು ಅಂದ ಎಲ್ಕಾನ, ಗಾಡಿ ಹತ್ತುವಾಗ.

ಮರೆತೆ ಅಂದೆ.